ಅಗತ್ತಿಯ ಅಳತೆಗೆ ಒಂದು ವಾರಾಂತ್ಯ

ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಹೋದ ಪ್ರವಾಸದಿಂದ ದಣಿಯದೆ ಮನೆಗೆ ಮರಳುವುದು ಅಪರೂಪ. ಬೆಳಿಗ್ಗೆ ಆರಕ್ಕೇ ಎದ್ದು ಗಾಡಿ ಹತ್ತಬೇಕು, ಮಧ್ಯಾಹ್ನದೊಳಗೆ ಮೂರು ಜಾಗ ಮುಗಿಸಬೇಕು, ಊಟಕ್ಕೆ ಹೋಟೆಲು ಹುಡುಕಬೇಕು, ಸಂಜೆ ಸೂರ್ಯಾಸ್ತ ತಪ್ಪಿಹೋಗದಂತೆ ಓಡಬೇಕು. ಲಕ್ಷದ್ವೀಪದ ಅಗತ್ತಿಯಲ್ಲಿ ಈ ಯಾವ ಗಡಿಬಿಡಿಯೂ ಇಲ್ಲ. ನೋಡಲೇಬೇಕಾದವುಗಳ ಪಟ್ಟಿಯೇ ಇಲ್ಲದ ಊರು ಅದು. ಉದ್ದ ಏಳೂವರೆ ಕಿಲೋಮೀಟರಿನಷ್ಟು, ಅಗಲ ಹೆಚ್ಚೆಂದರೆ ಒಂದು. ದಕ್ಷಿಣದ ತುದಿಯಲ್ಲಂತೂ ವಿಮಾನದ ರನ್‌ವೇಗೆ ಜಾಗ ಕೊಟ್ಟರೆ ಆಚೀಚೆ ಉಳಿಯುವುದು ಕಡಲೇ. ಎಲ್ಲಿ ಸೈಕಲ್ ನಿಲ್ಲಿಸಿದರೂ ಎರಡು ಬದಿಯ ಅಲೆಗಳ ಸದ್ದು ಕೇಳುತ್ತದೆ: ಪೂರ್ವದಲ್ಲಿ ಆಳ ಸಮುದ್ರದ ಅಬ್ಬರ, ಪಶ್ಚಿಮದಲ್ಲಿ ಹವಳದ ದಿಬ್ಬದೊಳಗಿನ ಶಾಂತವಾದ ಲಗೂನ್.

ವಾರಾಂತ್ಯಕ್ಕೆ ಒಂದು ರಜೆ ಸೇರಿಸಿಕೊಂಡು ನಾವು ಹೊರಟಿದ್ದು ಮನೆಮಂದಿಯೆಲ್ಲ. ಮಂಡಿನೋವಿನ ಅತ್ತೆ, ಈಜು ಬಾರದ ಯಜಮಾನರು, ನಾಲ್ಕನೇ ಕ್ಲಾಸಿನ ಮಗಳು, ಅವಳ ತಮ್ಮ, ನಾನು. 2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾದ ಮೇಲೆ ನಮ್ಮಂಥವರಿಗೂ ಇದು ವಾರಾಂತ್ಯದ ಊರಾಗಿದೆ. ಮೊದಲಾದರೆ ಕೊಚ್ಚಿಗೆ ಹೋಗಿ, ಅಲ್ಲಿಂದ ಬೇರೆ ವಿಮಾನ ಹಿಡಿಯಬೇಕಿತ್ತು, ಇಲ್ಲವೇ ಹಡಗಿನಲ್ಲಿ ಒಂದು ರಾತ್ರಿ ಕಳೆಯಬೇಕಿತ್ತು.

ಬಂದ ಮೇಲೆ ನೆಂಟರಿಷ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಇನ್ನೂ ಹಾಳಾಗಿಲ್ಲವಂತೆ, ಹೌದಾ?’ ಹೌದು. ಆದರೆ ಮನುಷ್ಯರಿಲ್ಲದ್ದರಿಂದ ಉಳಿದುಕೊಂಡ ಚೆಲುವು ಅದಲ್ಲ. ನಾಲ್ಕು ಚದರ ಕಿಲೋಮೀಟರಿಗೂ ಕಡಿಮೆ ನೆಲದಲ್ಲಿ ಏಳೂವರೆ ಸಾವಿರದಷ್ಟು ಜನ ದಿನವೂ ನೀರು ಸೇದುತ್ತಾರೆ, ಮೀನು ಹಿಡಿಯುತ್ತಾರೆ, ತೆಂಗು ಕೀಳುತ್ತಾರೆ. ಎಷ್ಟು ತೆಗೆದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಅಲ್ಲಿಯ ಪ್ರತಿ ಮನೆಯಲ್ಲೂ ಇದೆ. ಆ ಲೆಕ್ಕದೊಳಗೆ ಸೇರಿಕೊಂಡು ಬದುಕಿದಾಗಲೇ ನಮಗೂ ಅಲ್ಲಿ ನೆಮ್ಮದಿ ಸಿಕ್ಕಿತು. ಈ ಬರಹ ಅದರ ಬಗ್ಗೆ.

ಧಕ್ಕೆಯ ಆಚೆಯ ನೆರೆಯವರು

ಮಂಗಳೂರಿನ ಬಂದರಿನಲ್ಲಿ ಬೆಳೆದವಳಿಗೆ ಲಕ್ಷದ್ವೀಪ ದೂರದ ಹೆಸರಲ್ಲ. ಅಪ್ಪನ ಜೀನಸಿನ ಅಂಗಡಿ ಹಳೆಬಂದರಿನ ಧಕ್ಕೆಯ ಹತ್ತಿರವಿತ್ತು. ಮಳೆಗಾಲ ಕಳೆದು ಕಡಲು ತಣ್ಣಗಾಗುತ್ತಲೇ ಮಂಜಿ ಎಂಬ ಮರದ ಸರಕು ಹಡಗುಗಳು ಸಾಲಾಗಿ ನಿಲ್ಲುತ್ತಿದ್ದವು. ಅಕ್ಕಿ, ಈರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ, ಹೆಂಚು ಎಲ್ಲ ತುಂಬಿಕೊಂಡು ದ್ವೀಪಗಳಿಗೆ ಹೊರಡುತ್ತಿದ್ದವು. ಬರುವಾಗ ಕೊಬ್ಬರಿ, ತೆಂಗಿನ ನಾರು, ಒಣಮೀನು. ಜಲ್ಲಿಯನ್ನೂ ಹಡಗಿನಲ್ಲಿ ಒಯ್ಯಬೇಕಾದ ಊರು ಎಂಥದ್ದಿರಬಹುದು ಎಂದು ಆಗ ಯೋಚಿಸುತ್ತಿದ್ದೆ.

ಈ ನೆರೆತನ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ಐದು ದ್ವೀಪಗಳ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತು ಟಿಪ್ಪು ಸುಲ್ತಾನನ ಮೊರೆಹೊಕ್ಕಿದ್ದು 1787ರ ಸುಮಾರಿಗೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವು ಬ್ರಿಟಿಷರ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ದ್ವೀಪದವರು ನಾರು ತಂದು ಮಂಗಳೂರಿನಲ್ಲಿ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಗುವ ತನಕ ಆ ಐದು ದ್ವೀಪಗಳ ಕಲೆಕ್ಟರು ಕೂರುತ್ತಿದ್ದುದು ಮಂಗಳೂರಿನಲ್ಲೇ.

ನಾವು ಉಳಿದ ಮನೆಯ ಹಿರಿಯರು ಮಂಗಳೂರೆಂದು ಕೇಳಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತರು. ‘ಬಂದರಿನಲ್ಲಿ ಯಾವ ಬದಿ?’ ಎಂದರು. ಅವರ ಜೆಸೆರಿ ಮಲಯಾಳದ ಒಂದು ಬಗೆ. ಬ್ಯಾರಿ ಭಾಷೆ ಕೇಳಿ ಬೆಳೆದ ನನ್ನ ಕಿವಿಗೆ ಅದು ಅರ್ಧಕ್ಕಿಂತ ಹೆಚ್ಚು ಸಿಕ್ಕಿತು. ಅತ್ತೆ ಅವರನ್ನು ಕಾಕ ಎಂದು ಕರೆದರು; ಅವರ ಹೆಂಡತಿ ನನಗೆ ಇತ್ತಾತ ಆದರು. ಮನೆ ಚೆನ್ನಾಗಿದೆ ಎಂದು ಹೊಗಳಿದ್ದಕ್ಕೆ ಕಾಕ ಅಡುಗೆಮನೆಯತ್ತ ಕೈತೋರಿಸಿದರು: ‘ನನ್ನದಲ್ಲ ಉಮ್ಮಾ, ಇದು ಇವಳ ತರವಾಡಿನ ಮನೆ. ನಾನು ಇಲ್ಲಿಗೆ ಬಂದವನು.’ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದ ಅತ್ತೆಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಲಕ್ಷದ್ವೀಪದಲ್ಲಿ ಇಸ್ಲಾಂ ಪಾಲಿಸುತ್ತಲೇ ತಾಯಿಯ ಕಡೆಯಿಂದ ಆಸ್ತಿ ಹರಿಯುವ ಕ್ರಮ ಉಳಿದುಕೊಂಡಿದೆ. ತರವಾಡಿನ ಆಸ್ತಿಗೆ ಶುಕ್ರವಾರದ ಆಸ್ತಿಯೆಂದೂ ಸ್ವಂತ ದುಡಿಮೆಯದಕ್ಕೆ ಸೋಮವಾರದ ಆಸ್ತಿಯೆಂದೂ ಹೇಳುತ್ತಾರೆ. ಆ ರಾತ್ರಿ ಇಬ್ಬರು ಹಿರಿಯ ಹೆಂಗಸರು ಭಾಷೆಯ ಹಂಗಿಲ್ಲದೆ ಮಾತಾಡುತ್ತ ಕೂತರು.

ಹವಳ ಕಟ್ಟಿದ ನೆಲ

ಅಗತ್ತಿಯಲ್ಲಿ ಎಷ್ಟು ಅಗೆದರೂ ಮಣ್ಣು ಸಿಗುವುದಿಲ್ಲ, ಕಗ್ಗಲ್ಲೂ ಸಿಗುವುದಿಲ್ಲ. ಇರುವುದೆಲ್ಲ ಹವಳದ ಚೂರು, ಹವಳದ ಮರಳು, ಅದೇ ಗಟ್ಟಿಯಾಗಿ ಆದ ಸುಣ್ಣಕಲ್ಲು. ಮಂಜಿಯಲ್ಲಿ ಜಲ್ಲಿ ಹೋಗುತ್ತಿದ್ದುದು ಇದಕ್ಕೇ.

ಕಗ್ಗಲ್ಲು ಇರುವುದು ಬಹಳ ಕೆಳಗೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿಂದ ಉಕ್ಕಿದ ಲಾವಾ ಬೆಳಗಾವಿ, ವಿಜಯಪುರದ ಕಡೆಯ ಕಪ್ಪುಕಲ್ಲಾಯಿತು. ಅದೇ ಬಿಸಿ ಬುಗ್ಗೆಯ ಮೇಲೆ ಭಾರತದ ತಟ್ಟೆ ಉತ್ತರಕ್ಕೆ ಸರಿಯುತ್ತ ಹೋದಂತೆ, ಹಿಂದೆ ಕಡಲಿನಡಿ ಒಂದು ಬೆಟ್ಟಸಾಲು ಮೂಡಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಎಲ್ಲ ಆ ಸಾಲಿನ ಮೇಲೆಯೇ ಕೂತಿವೆ ಎನ್ನುತ್ತಾರೆ ಭೂವಿಜ್ಞಾನಿಗಳು. ಬೆಟ್ಟ ಮೆಲ್ಲಗೆ ಕುಸಿದಂತೆ ಅದರ ಅಂಚಿಗೆ ಅಂಟಿದ್ದ ಹವಳಗಳು ಬೆಳಕಿಗಾಗಿ ಮೇಲಕ್ಕೆ ಬೆಳೆಯುತ್ತ ಹೋದವು. ಬೆಟ್ಟ ಮುಳುಗಿತು, ಹವಳದ ಬಳೆ ಉಳಿಯಿತು. ಉಂಗುರದಂಥ ಇಂಥ ದ್ವೀಪಗಳು ಹುಟ್ಟುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಹೀಗೆ ವಿವರಿಸಿದ್ದ.

ಹವಳದ ಒಂದೊಂದು ಗೂಡಿನಲ್ಲೂ ಒಂದು ಪುಟ್ಟ ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಪ್ರಾಣಿಗೆ ಕೊಡುತ್ತದೆ, ಪ್ರಾಣಿ ಸುಣ್ಣ ಸುರಿಸಿ ಮನೆ ಕಟ್ಟುತ್ತದೆ. ಗಿಳಿಮೀನು ಎಂಬ ಬಣ್ಣದ ಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಆ ಸುಣ್ಣವನ್ನು ಕೆರೆದು ತಿಂದು, ಅರಗದ್ದನ್ನು ಮರಳಾಗಿ ಹೊರಹಾಕುತ್ತದೆ. ಮಕ್ಕಳು ಕೋಟೆ ಕಟ್ಟಿದ ಬೆಳ್ಳನೆಯ ಮರಳಿನಲ್ಲಿ ಗಿಳಿಮೀನಿನ ಪಾಲು ದೊಡ್ಡದು. ಇದನ್ನು ಕೇಳಿದ ಮೇಲೆ ಮಗ ಮರಳನ್ನು ಮೂಸಿ ನೋಡಿದ್ದೇ ನೋಡಿದ್ದು.

ಮೊಣಕಾಲುದ್ದದ ನೀರಿನಲ್ಲಿ

ಕುಟುಂಬ ಕಟ್ಟಿಕೊಂಡು ಹೋದವರಿಗೆ ಅಗತ್ತಿ ಕೊಡುವ ದೊಡ್ಡ ಸೌಕರ್ಯವೆಂದರೆ ಲಗೂನ್. ಹೊರಗಿನ ಅಲೆಗಳೆಲ್ಲ ಹವಳದ ದಿಬ್ಬಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಒಳಗಿನ ನೀರು ಬಹುಪಾಲು ಹೊತ್ತು ಶಾಂತವಾಗಿರುತ್ತದೆ. ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಅಲೆಗೆ ಹೆದರಿ ದಡದಲ್ಲೇ ನಿಲ್ಲುತ್ತಿದ್ದ ಅತ್ತೆ ಇಲ್ಲಿ ಸೀರೆ ಎತ್ತಿಕಟ್ಟಿ ಸೊಂಟಮಟ್ಟದ ನೀರಲ್ಲಿ ಕೂತರು. ಮಂಡಿಗೆ ಹಿತವಾಗುತ್ತದೆಂದು ಊಟದ ಹೊತ್ತಿಗೂ ಏಳಲಿಲ್ಲ.

ನೀರು ಇಳಿದ ಹೊತ್ತಿನಲ್ಲಿ ಊರಿನ ಹುಡುಗನೊಬ್ಬ ನಮ್ಮನ್ನು ಲಗೂನಿನೊಳಗೆ ನಡೆಸಿಕೊಂಡು ಹೋದ. ಕಾಲಿಗೆ ರಬ್ಬರಿನ ಚಪ್ಪಲಿ, ಕೈಯಲ್ಲಿ ಒಂದು ಕೋಲು. ಅವನ ಮೊದಲ ಪಾಠ: ಮರಳಿನ ಮೇಲೆ ಮಾತ್ರ ಹೆಜ್ಜೆ ಇಡಬೇಕು, ಕಂದುಬಣ್ಣದ ಗಡ್ಡೆಗಳ ಮೇಲೆ ಇಡಕೂಡದು. ಅವು ಕಲ್ಲಿನಂತೆ ಕಂಡರೂ ಜೀವಂತ ಹವಳ. ಒಂದು ಹಿಮ್ಮಡಿ ಊರಿದರೆ ವರ್ಷಗಳ ಬೆಳವಣಿಗೆ ಮುರಿದುಹೋಗುತ್ತದೆ.

ಮಗಳು ಒಂದು ಗಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅಂಗೈಯಗಲದ ಚಿಪ್ಪೊಂದು ಹವಳದೊಳಗೆ ಹುದುಗಿ ಬಾಯಿ ತೆರೆದಿತ್ತು. ಅಂಚಿನುದ್ದಕ್ಕೂ ನವಿಲಿನ ಕತ್ತಿನ ನೀಲಿ, ಅದರ ಮೇಲೆ ಹಸಿರು ಚುಕ್ಕಿ. ಅವಳ ನೆರಳು ಬಿದ್ದದ್ದೇ ಚಿಪ್ಪು ತಟ್ಟನೆ ಮುಚ್ಚಿತು. ಅಲುಗಾಡದೆ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಸೀಳು ಮೂಡಿತು. ಆಮೇಲೆ ನೀಲಿ ಅಂಚು ಮಡಿಕೆ ಮಡಿಕೆಯಾಗಿ ಹೊರಬಂತು. ಮುಚ್ಚಿದ್ದು ಕ್ಷಣದಲ್ಲಿ, ತೆರೆದದ್ದು ತಾಳ್ಮೆಯಲ್ಲಿ. ಮೊಬೈಲು ಕೊಡದಿದ್ದರೆ ಊಟ ಮಾಡದ ಹುಡುಗಿ ಅಲ್ಲಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದಳು.

ಇನ್ನೂ ಮುಂದೆ ಹೋದರೆ ಕಡಲ ಹುಲ್ಲಿನ ಬಯಲು. ಒಂದು ಕಾಲಕ್ಕೆ ಇಲ್ಲಿ ಹಸಿರು ಕಡಲಾಮೆಗಳು ತೀರಾ ದಟ್ಟವಾಗಿ ಸೇರಿ, ಹುಲ್ಲನ್ನು ಬುಡದ ತನಕ ಮೇಯ್ದುಬಿಟ್ಟವು. ಹುಲ್ಲು ಬೋಳಾದರೆ ಅದರಲ್ಲಿ ಮರಿಮಾಡುವ ಮೀನುಗಳೂ ಕಡಿಮೆಯಾಗುತ್ತವೆ; ಮೀನುಗಾರರಿಗೂ ಆಮೆಗಳಿಗೂ ಜಟಾಪಟಿ ಹುಟ್ಟಿದ್ದು ಹೀಗೆ. ಆಮೆಗಳು ಮೇವು ತೀರಿದ ಮೇಲೆ ಬೇರೆ ದ್ವೀಪಗಳ ಲಗೂನಿಗೆ ವಲಸೆ ಹೋದವು. ಇದನ್ನೆಲ್ಲ ಆಳವಾಗಿ ಅಧ್ಯಯನ ಮಾಡಿದವರು ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು. ಆಮೆಯಂಥ ಸಾಧು ಪ್ರಾಣಿಯೂ ಅಳತೆ ಮೀರಿ ಸೇರಿದರೆ ಒಂದು ಲಗೂನ್ ಸೋಲುತ್ತದೆ ಎಂಬುದು ಪ್ರವಾಸಿಗರಾದ ನಾವೂ ಮನಸ್ಸಿನಲ್ಲಿಡಬೇಕಾದ ಮಾತು.

ಬಾವಿಯ ಮಟ್ಟ

ಮನೆಯ ಹಿಂದಿನ ಬಾವಿಯಲ್ಲಿ ನೀರು ಕೈಗೆಟುಕುವಷ್ಟು ಮೇಲೆ. ಎರಡಾಳುದ್ದದ ಹಗ್ಗವೂ ಬೇಡ. ನೀರು ಧಾರಾಳವಾಗಿದೆ ಎಂದು ಯಾರಿಗಾದರೂ ಅನಿಸಬೇಕು. ಆದರೆ ಅದು ಮಳೆಯ ನೀರು. ಮರಳಿನೊಳಗೆ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಹಾಲಿನ ಮೇಲಿನ ಕೆನೆಯಂತೆ ತೇಲುತ್ತಿರುತ್ತದೆ. ಹದವಾಗಿ ಸೇದಿದರೆ ವರ್ಷವಿಡೀ ಸಿಹಿ. ಪಂಪ್ ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಮತ್ತೆ ಸುಲಭಕ್ಕೆ ಇಳಿಯುವುದಿಲ್ಲ. ಇತ್ತಾತ ಮೊದಲ ದಿನವೇ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದು ಬಕೆಟ್ ತೋರಿಸಿ, ‘ಕಡಲಲ್ಲಿ ಬೇಕಾದಷ್ಟು ಆಡಿ, ಮೈ ತೊಳೆಯಲು ಇಷ್ಟೇ’ ಎಂದರು.

ಕುಡಿಯುವ ನೀರಿಗೆ ಇನ್ನೊಂದು ದಾರಿಯೂ ಇದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ 2005ರಲ್ಲೂ, ಅಗತ್ತಿ ಮತ್ತು ಮಿನಿಕಾಯ್‌ಗಳಲ್ಲಿ 2011ರಲ್ಲೂ ಕಡಲ ನೀರನ್ನು ಸಿಹಿ ಮಾಡುವ ಘಟಕಗಳನ್ನು ಸ್ಥಾಪಿಸಿತು. ಮೇಲ್ಪದರದ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಕಡಿಮೆ ಬಿಸಿಗೇ ಆವಿಯಾಗುತ್ತದೆ. ನೂರಾರು ಮೀಟರ್ ಆಳದಿಂದ ಎತ್ತಿದ ತಣ್ಣೀರು ಆ ಆವಿಯನ್ನು ತಣಿಸಿ ಸಿಹಿನೀರಾಗಿಸುತ್ತದೆ. ಒಂದೊಂದು ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಏಳೂವರೆ ಸಾವಿರ ಜನಕ್ಕೆ ಹಂಚಿದರೆ ತಲೆಗೆ ಹದಿಮೂರು ಲೀಟರ್ ಚಿಲ್ಲರೆ. ನೂರು ಕೋಣೆಗಳ, ಈಜುಕೊಳವಿರುವ ಹೋಟೆಲೊಂದು ಇಲ್ಲಿಗೆ ಬಂದರೆ ಏನಾಗಬಹುದೆಂದು ಈ ಒಂದು ಲೆಕ್ಕವೇ ಹೇಳುತ್ತದೆ.

ಗಾಳದ ಮೀನು, ಹಿತ್ತಿಲ ಜೀಗುಜ್ಜೆ

ದ್ವೀಪದ ಊಟದ ಬೆನ್ನೆಲುಬು ಟ್ಯೂನಾ. ನಮ್ಮ ಕರಾವಳಿಯಲ್ಲಿ ಗೆದರ್, ಕೇದರ್ ಎಂದೆಲ್ಲ ಕರೆಯುವ ಮೀನು. ಅದನ್ನು ಹಿಡಿಯುವ ಕ್ರಮವನ್ನು ಕಾಕ ಕೈಯಾಡಿಸಿ ವಿವರಿಸಿದರು. ಮೊದಲು ಲಗೂನಿನಲ್ಲಿ ಸಣ್ಣ ಮೀನು ಬಲೆಹಾಕಿ ಹಿಡಿದು, ದೋಣಿಯ ತಳದಲ್ಲಿ ಕಡಲ ನೀರು ಹರಿಯುವಂತೆ ಮಾಡಿದ ಗೂಡಿನಲ್ಲಿ ಜೀವಂತ ಇಡುತ್ತಾರೆ. ಟ್ಯೂನಾ ಹಿಂಡು ಕಂಡದ್ದೇ ಸಣ್ಣ ಮೀನು ಚೆಲ್ಲಿ, ನೀರಿನ ಮೇಲೆ ತುಂತುರು ಹಾರಿಸುತ್ತಾರೆ. ಮೀನಿನ ಹಿಂಡೇ ಕುಣಿಯುತ್ತಿದೆಯೆಂದು ಟ್ಯೂನಾ ನುಗ್ಗುತ್ತದೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರು ಉದ್ದನೆಯ ಕೋಲಿನ ಗಾಳ ಬೀಸಿ ಒಂದೊಂದನ್ನೇ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ್ದರಿಂದ ಮೀನು ತಾನಾಗಿ ಕಳಚಿಕೊಳ್ಳುತ್ತದೆ. ದೊಡ್ಡ ಬಲೆಯಲ್ಲಿ ಸಿಕ್ಕಿಬೀಳುವ ಆಮೆ, ಡಾಲ್ಫಿನ್ನುಗಳ ಕಾಟ ಇದರಲ್ಲಿಲ್ಲ. ಲಗೂನು ಸೊರಗಿದರೆ ಎರೆಮೀನಿಲ್ಲ, ಎರೆಮೀನಿಲ್ಲದೆ ಟ್ಯೂನಾ ಇಲ್ಲ. ಹವಳವನ್ನು ಕಾಯಿರಿ ಎಂದು ಅಲ್ಲಿನ ಮೀನುಗಾರನಿಗೆ ಯಾರೂ ಪಾಠ ಹೇಳಬೇಕಿಲ್ಲ.

ಮಿಕ್ಕ ಟ್ಯೂನಾವನ್ನು ಬೇಯಿಸಿ, ಹೊಗೆಗೆ ಹಿಡಿದು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿದರೆ ಅದು ಮಾಸ್‌ಮೀನು. ತುರಿದು ತೆಂಗಿನಕಾಯಿಯೊಂದಿಗೆ ಕಲಸಿದರೆ ಅನ್ನಕ್ಕೆ ಬೇರೇನೂ ಬೇಡ. ಬೆಳಗಿನ ತಿಂಡಿಗೆ ಅಕ್ಕಿಹಿಟ್ಟಿಗೆ ಮೊಟ್ಟೆ ಸೇರಿಸಿ ಹೊಯ್ದ ಕಿಲಾಂಜಿ, ಜೊತೆಗೆ ಬೆಲ್ಲ ಹಾಕಿದ ಸಿಹಿ ತೆಂಗಿನಹಾಲು. ಮಕ್ಕಳು ನೀರುದೋಸೆಯನ್ನು ಮರೆತರು.

ಶನಿವಾರ ಅತ್ತೆ ಮೀನು ಮುಟ್ಟುವುದಿಲ್ಲ. ತರಕಾರಿ ಎಲ್ಲ ಹಡಗಿನಲ್ಲೇ ಬರಬೇಕಾದ ಊರಿನಲ್ಲಿ ಏನು ಮಾಡುವುದೆಂದು ನನಗೆ ಚಿಂತೆ. ಇತ್ತಾತ ಹಿತ್ತಿಲ ಮರದಿಂದ ಜೀಗುಜ್ಜೆ ಕೀಳಿಸಿ, ಬಿಲ್ಲೆ ಮಾಡಿ, ಮೆಣಸು ಸವರಿ ತೆಂಗಿನೆಣ್ಣೆಯಲ್ಲಿ ಕರಿದರು. ದೀವಿಹಲಸು ಎನ್ನುವ ಆ ಮರವೇ ಲಕ್ಷದ್ವೀಪದ ಅಧಿಕೃತ ಮರ ಕೂಡ. ಅತ್ತೆ ತಟ್ಟೆ ನೋಡಿ, ‘ಇದು ನಮ್ಮೂರಿನದ್ದೇ ರುಚಿ’ ಎಂದು ಎರಡನೇ ಸಲ ಹಾಕಿಸಿಕೊಂಡರು.

ಬಿಸಿಯೇರಿದ ಕಡಲು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಕಡಲ ನೀರು ಹದ ಮೀರಿ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಕೆ, ಇಲ್ಲವಾದರೆ ಸಾವು. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಅಗತ್ತಿ, ಕಡಮತ್, ಕವರತ್ತಿಗಳ ಜೀವಂತ ಹವಳದ ಹೊದಿಕೆ 1998ರಿಂದ 2022ರ ನಡುವೆ ಶೇ 37ರಿಂದ ಶೇ 19ರ ಆಸುಪಾಸಿಗೆ ಇಳಿದಿದೆ ಎಂದು ಅದೇ ಮೈಸೂರಿನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಗಾಜಿನ ತಳದ ದೋಣಿಯಲ್ಲಿ ಬಣ್ಣದ ಮೀನುಗಳ ಜೊತೆಗೆ ಬೂದಿಬಣ್ಣದ ಸತ್ತ ಹವಳದ ಹರವೂ ನಮಗೆ ಕಂಡಿತು. ಮಕ್ಕಳಿಗೆ ಅದನ್ನೂ ತೋರಿಸಿದೆವು.

ಅಗತ್ತಿಯಿಂದ ದೋಣಿಯಲ್ಲಿ ಹೋಗಬಹುದಾದ ಬಂಗಾರಂ, ತಿನ್ನಕರ ದ್ವೀಪಗಳ ಪಕ್ಕ ಪರಳಿ-1 ಎಂಬ ಪುಟ್ಟ ನಡುಗಡ್ಡೆಯೊಂದಿತ್ತು. 1968ರಲ್ಲಿ ಸುಮಾರು ಎಂಟು ಎಕರೆಯಷ್ಟಿದ್ದ ಅದು ಪೂರ್ತಿ ಕೊರೆದುಹೋಗಿದೆ ಎಂದು 2017ರಲ್ಲಿ ಅಧ್ಯಯನವೊಂದು ತೋರಿಸಿತು. ಹವಳದ ದಿಬ್ಬ ಗಟ್ಟಿಯಾಗಿದ್ದರೆ ಅಲೆ ಅಲ್ಲೇ ಒಡೆಯುತ್ತದೆ. ದಿಬ್ಬ ಸತ್ತು ಸವೆದರೆ ಅಲೆ ನೇರ ದಡಕ್ಕೇ ಬರುತ್ತದೆ. ಮಗಳು ಕೂತು ನೋಡಿದ ಆ ಗಡ್ಡೆಗಳು ಕಾಕನ ಮನೆಯ ಗೋಡೆಯೂ ಹೌದು.

ಹೊರಡುವವರಿಗೆ

ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕೇ ಬೇಕು. 1967ರ ನಿಯಮದ ಪ್ರಕಾರ ಹೊರಗಿನ ಭಾರತೀಯರಿಗೂ ಇದು ಅನ್ವಯ. ಪರವಾನಗಿ ಕೈಸೇರುವ ಮುನ್ನ ಟಿಕೆಟ್ ಮಾಡಬೇಡಿ. ವಿಮಾನದ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲು ಉಕ್ಕುತ್ತದೆ, ದೋಣಿಯಾನ ನಿಲ್ಲುತ್ತದೆ.

ವಯಸ್ಸಾದವರ ಔಷಧಿಯನ್ನು ನಾಲ್ಕು ದಿನಕ್ಕೆ ಹೆಚ್ಚೇ ಇಟ್ಟುಕೊಳ್ಳಿ. ಹವೆ ಕೆಟ್ಟರೆ ವಿಮಾನ ತಡವಾಗಬಹುದು. ಸ್ವಲ್ಪ ನಗದೂ ಇರಲಿ. ಹವಳದ ಚೂರು ಕಾಲು ಕೊಯ್ಯುತ್ತದೆ, ಎಲ್ಲರಿಗೂ ರಬ್ಬರಿನ ಚಪ್ಪಲಿ ಬೇಕು. ಮೈಗೆ ಬಿಸಿಲಿನ ಕ್ರೀಮು ಬಳಿದುಕೊಳ್ಳುವ ಬದಲು ತುಂಬುತೋಳಿನ ಬಟ್ಟೆ, ಟೊಪ್ಪಿ ಹಾಕಿ. ಲಗೂನಿಗೂ ಅದು ಒಳ್ಳೆಯದು. ಊರೊಳಗೆ ನಡೆಯುವಾಗ ಮೈತುಂಬ ಬಟ್ಟೆ ಇರಲಿ. ಅಗತ್ತಿಯಲ್ಲಿ ಮದ್ಯ ನಿಷಿದ್ಧ. ಸತ್ತದ್ದೇ ಆದರೂ ಹವಳದ ತುಂಡು ಚೀಲಕ್ಕೆ ಹಾಕುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆಯಿದೆ.

ಪ್ಲಾಸ್ಟಿಕ್ ಪೊಟ್ಟಣಗಳನ್ನು ಮನೆಯಲ್ಲೇ ಬಿಡಿಸಿಟ್ಟು ಹೋಗಿ. ಅಲ್ಲಿ ಉಳಿದ ಕಸಕ್ಕೆ ಹೂಳಲು ನೆಲವಿಲ್ಲ. ನಾವು ಬಿಸ್ಕತ್ತಿನ ಕಾಗದ, ಶಾಂಪೂ ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿ ವಾಪಸು ತಂದೆವು. ಆ ಕೆಲಸ ಮಕ್ಕಳಿಗೆ ವಹಿಸಿದೆವು, ಅವರು ಅಪ್ಪನ ಜೇಬನ್ನೂ ಬಿಡದೆ ತಪಾಸಣೆ ಮಾಡಿದರು.

ಸಾಧ್ಯವಾದರೆ ಊರಿನವರ ಮನೆಯಲ್ಲೇ ಉಳಿಯಿರಿ. ನಿಮ್ಮ ದುಡ್ಡು ಬಾವಿಯ ಹದ ಬಲ್ಲವರ ಕೈಗೆ ಸೇರುತ್ತದೆ, ನಿಮಗೂ ಆ ಹದ ತಿಳಿಯುತ್ತದೆ. ಅಗತ್ತಿಗೆ ಹೆಚ್ಚು ಪ್ರವಾಸಿಗರು ಬರಲಿ, ದೊಡ್ಡ ಹೋಟೆಲುಗಳು ಏಳಲಿ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ದ್ವೀಪದ ಹುಡುಗರಿಗೆ ಕೆಲಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಜನ ಬರಬಹುದೆಂಬುದನ್ನು ಮೊದಲು ಹೇಳಬೇಕಾದದ್ದು ಬಾವಿಯ ನೀರು ಮತ್ತು ಹವಳದ ದಿಬ್ಬ. ಅವುಗಳ ಪರವಾಗಿ, ಅವನ್ನು ದಿನವೂ ಬಳಸುವ ದ್ವೀಪದ ಜನ. ಆಮೇಲೆ ಉಳಿದವರು. ಈ ಕ್ರಮಕ್ಕೆ ಒಪ್ಪುವ ಕುಟುಂಬಗಳು ಧಾರಾಳವಾಗಿ ಹೊರಡಲಿ. ದಿನಕ್ಕೆ ಮೂರು ಸಲ ಶವರ್ ಬೇಕೆನ್ನುವವರಿಗೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ರೆಸಾರ್ಟುಗಳಿವೆ, ಅವರು ಅಲ್ಲಿಗೆ ಹೋಗಲಿ ಎಂದು ಕೈಮುಗಿದು ಕೇಳುತ್ತೇನೆ.